ಆಡಿಯೋ ಯುಟಿಲಿಟಿ ತೆರೆದ ಕೂಡಲೇ ಮುಚ್ಚಿಹೋಗುತ್ತಿದೆ, ಮೂರು ಸಲ ಇನ್‌ಸ್ಟಾಲ್ ಮಾಡಿ ನೋಡಿದೆ

ಕ್ಯಾಸೆಟ್_ಪೆಟ್ಟಿಗೆ · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಕಂಪ್ಯೂಟರ್ ಕೆಲಸದವಳಲ್ಲ, ಹಾಗಾಗಿ ವಿಷಯ ಸ್ವಲ್ಪ ಉದ್ದ ಆಗಬಹುದು.

ನಾನು ಚಿಕ್ಕವಳಿದ್ದಾಗ ಅಮ್ಮ ರಾತ್ರಿ ಹೇಳುತ್ತಿದ್ದ ಕಥೆಗಳನ್ನು ಅಪ್ಪ ಕ್ಯಾಸೆಟ್‌ನಲ್ಲಿ ರೆಕಾರ್ಡ್ ಮಾಡಿಟ್ಟಿದ್ದರು. ಒಟ್ಟು 11 ಕ್ಯಾಸೆಟ್. ಅಮ್ಮ ಈಗ ಇಲ್ಲ. ಈ ಟೇಪುಗಳು ಹಾಳಾಗುವ ಮುಂಚೆ ಕಂಪ್ಯೂಟರ್‌ಗೆ ತುಂಬಿಸಬೇಕೆಂದು ಹೊರಟೆ. ಪರಿಚಯದವರೊಬ್ಬರಿಂದ ಟೇಪ್ ಡೆಕ್ ತಂದಿದ್ದೇನೆ. ಎರಡು ವಾರದಲ್ಲಿ ವಾಪಸ್ ಕೊಡಬೇಕು.

ರೆಕಾರ್ಡ್ ಮಾಡಲು, ಶಬ್ದದ ಮಟ್ಟ ನೋಡಲು, ಈಕ್ವಲೈಸರ್ ಹಾಕಿ ದಪ್ಪ, ತೆಳು ಸ್ವರ ಹೊಂದಿಸಲು ನನ್ನ ಹತ್ತಿರ ಒಂದು ಚಿಕ್ಕ ಯುಟಿಲಿಟಿ ಇದೆ. ತಪ್ಪು ಯಾರದೆಂದು ಇನ್ನೂ ಗೊತ್ತಿಲ್ಲ, ಅದಕ್ಕೇ ಅದರ ಹೆಸರು ಬರೆಯುತ್ತಿಲ್ಲ. ಮೂರು ವರ್ಷದಿಂದ ಆಗೊಮ್ಮೆ ಈಗೊಮ್ಮೆ ಬಳಸಿದ್ದೇನೆ, ತೊಂದರೆ ಕೊಟ್ಟಿರಲಿಲ್ಲ. ಮೊನ್ನೆ ಅದರ ಹೊಸ ಆವೃತ್ತಿ ಬಂತು, ಹಾಕಿಕೊಂಡೆ. ಈಗ ತೆರೆದರೆ ಕಿಟಕಿ ಬರುತ್ತದೆ, ಬಟನ್‌ಗಳೆಲ್ಲ ಕಾಣುತ್ತವೆ, ಹಸಿರು ಮೀಟರ್ ಒಂದು ಸಲ ಮಿನುಗುತ್ತದೆ, ಅಷ್ಟೇ. ಮಾಯ. ಯಾವ ಸಂದೇಶವೂ ಇಲ್ಲ.

ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿದೆ. ಮೂರು ಸಲ. ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದೆ. ಏನೂ ಬದಲಾಗಲಿಲ್ಲ. ವಿಂಡೋಸ್ 11, 8 ಜಿಬಿ ರ‍್ಯಾಮ್. ಹಾಡು, ವಿಡಿಯೋ ಎಲ್ಲ ಚೆನ್ನಾಗಿ ಕೇಳಿಸುತ್ತದೆ. ಇದೊಂದೇ ಬೀಳುತ್ತಿದೆ. ದಯವಿಟ್ಟು ದಾರಿ ತೋರಿಸಿ.

ರಾತ್ರಿ_ಪಾಳಿ · ಭಾನುವಾರ ರಾತ್ರಿ 9:58

ಸೌಂಡ್ ಡ್ರೈವರ್ (ಸೌಂಡ್ ಕಾರ್ಡನ್ನು ವಿಂಡೋಸ್ ಜೊತೆ ಮಾತಾಡಿಸುವ ಸಾಫ್ಟ್‌ವೇರ್) ಇರಬೇಕು. ವಿಂಡೋಸ್ ಅಪ್‌ಡೇಟ್ ಜೊತೆ ಡ್ರೈವರ್ ಬದಲಾದರೆ ಇಂಥ ಯುಟಿಲಿಟಿಗಳು ಕೈಕೊಡುತ್ತವೆ. ಡಿವೈಸ್ ಮ್ಯಾನೇಜರ್‌ಗೆ ಹೋಗಿ ಹಳೇ ಡ್ರೈವರ್‌ಗೆ ರೋಲ್ ಬ್ಯಾಕ್ ಮಾಡಿ ನೋಡಿ.

ವೇಗದ_ಬೆರಳು · ಭಾನುವಾರ ರಾತ್ರಿ 10:05

ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ವಿಂಡೋಸ್ ಒಂದು ಸಲ ಪೂರ್ತಿ ಹೊಸದಾಗಿ ಹಾಕಿಬಿಡಿ. ಎಲ್ಲ ಸರಿಹೋಗುತ್ತದೆ.

ಹಳೇ_ತಂತಿ · ಭಾನುವಾರ ರಾತ್ರಿ 10:31

ದಯವಿಟ್ಟು ವಿಂಡೋಸ್ ಅಳಿಸಲು ಹೋಗಬೇಡಿ. ಒಂದು ಪ್ರೋಗ್ರಾಂ ಬಿದ್ದಿದೆ, ಮಿಕ್ಕಿದ್ದೆಲ್ಲ ನಡೆಯುತ್ತಿದೆ. ಮನೆಯ ಒಂದು ಬಾಗಿಲು ಮುಚ್ಚುತ್ತಿಲ್ಲ ಅಂತ ಮನೆ ಕೆಡವುತ್ತೇವಾ?

ನಿಮಗೆ ಸಂದೇಶ ಕಾಣಿಸದೇ ಇದ್ದರೂ ವಿಂಡೋಸ್ ಸುಮ್ಮನೆ ಕೂತಿರುವುದಿಲ್ಲ. ಯಾವುದೇ ಪ್ರೋಗ್ರಾಂ ಹೀಗೆ ಬಿದ್ದಾಗ ಬರೆದಿಡುತ್ತದೆ. ಅದನ್ನು ಓದೋಣ, ಆಮೇಲೆ ಡ್ರೈವರ್ ಮುಟ್ಟೋಣ.

ಸ್ಟಾರ್ಟ್ ಮೆನುವಿನಲ್ಲಿ ಈವೆಂಟ್ ವ್ಯೂವರ್ ಹುಡುಕಿ ತೆರೆಯಿರಿ. ಎಡಗಡೆ ವಿಂಡೋಸ್ ಲಾಗ್ಸ್, ಅದರೊಳಗೆ ಅಪ್ಲಿಕೇಶನ್. ನಡುವಿನ ಪಟ್ಟಿಯಲ್ಲಿ ಕೆಂಪು ಗುರುತಿನ ಎರರ್ ಸಾಲುಗಳಿರುತ್ತವೆ. ಸೋರ್ಸ್ ಕಾಲಂನಲ್ಲಿ ಅಪ್ಲಿಕೇಶನ್ ಎರರ್, ಈವೆಂಟ್ ಐಡಿ 1000 ಅಂತ ಇರುವ ಸಾಲು ನಮಗೆ ಬೇಕು. ಯುಟಿಲಿಟಿ ಬಿದ್ದ ಸಮಯಕ್ಕೇ ಅದರ ಸಮಯವೂ ಹೊಂದಬೇಕು. ಅನುಮಾನ ಬಂದರೆ ಈಗಲೇ ಇನ್ನೊಂದು ಸಲ ಬೀಳಿಸಿ, ಗಡಿಯಾರ ನೋಡಿಕೊಳ್ಳಿ, ಪಟ್ಟಿಯನ್ನು ರಿಫ್ರೆಶ್ ಮಾಡಿ.

ಅಲ್ಲಿ ಕೆಂಪು ಸಾಲು ಬೇಕಾದಷ್ಟು ಇರುತ್ತವೆ, ಹೆದರಬೇಡಿ. ಚೆನ್ನಾಗಿರುವ ಕಂಪ್ಯೂಟರ್‌ನಲ್ಲೂ ಇರುತ್ತವೆ. ನಮ್ಮದು ಮಾತ್ರ ನೋಡಿ. ಆ ಸಾಲಿನ ಕೆಳಗೆ ಬರುವ ವಿವರ ಇಲ್ಲಿ ಹಾಕಿ.

ಕ್ಯಾಸೆಟ್_ಪೆಟ್ಟಿಗೆ · ಭಾನುವಾರ ರಾತ್ರಿ 11:12

ಸಿಕ್ಕಿತು! ಇಂಥದ್ದೊಂದು ಜಾಗ ಇದೆ ಅಂತಲೇ ಗೊತ್ತಿರಲಿಲ್ಲ. ಕೈಯಲ್ಲೇ ಬರೆದು ಹಾಕುತ್ತಿದ್ದೇನೆ, ಮುಖ್ಯ ಅನಿಸಿದ್ದು ಇಷ್ಟು:

ಫಾಲ್ಟಿಂಗ್ ಮಾಡ್ಯೂಲ್ ನೇಮ್: ಎಂಎಸ್‌ವಿಸಿಪಿ140 ಡಾಟ್ ಡಿಎಲ್‌ಎಲ್
ಎಕ್ಸೆಪ್ಶನ್ ಕೋಡ್: 0ಎಕ್ಸ್‌ಸಿ0000005

ಹೀಗೇ ಇರುವ ಸಾಲು 14 ಇವೆ. ಎಲ್ಲದರಲ್ಲೂ ಇದೇ ಹೆಸರು, ಇದೇ ಕೋಡ್.

ಇನ್ನೊಂದು ವಿಚಿತ್ರ ಗಮನಿಸಿದೆ. ಟೇಪ್ ಡೆಕ್‌ನಿಂದ ಬರುವ ವೈರನ್ನು ಕಂಪ್ಯೂಟರ್ ಹಿಂದಿನ ಲೈನ್-ಇನ್ ತೂತಿನಿಂದ ಕಿತ್ತರೆ ಯುಟಿಲಿಟಿ ಬೀಳುವುದಿಲ್ಲ. ಕಿಟಕಿ ಹಾಗೇ ನಿಲ್ಲುತ್ತದೆ. ವೈರ್ ಚುಚ್ಚಿದ ತಕ್ಷಣ ಮೀಟರ್ ಮಿನುಗಿ ಮಾಯ.

ರಾತ್ರಿ_ಪಾಳಿ · ಭಾನುವಾರ ರಾತ್ರಿ 11:20

ನೋಡಿದಿರಾ, ವೈರ್ ಕಿತ್ತರೆ ಸರಿ ಅಂದರೆ ಡ್ರೈವರ್ರೇ. ಲೈನ್-ಇನ್ ತೆರೆಯುವಾಗ ಡ್ರೈವರ್ ಬೀಳಿಸುತ್ತಿದೆ.

ಹಳೇ_ತಂತಿ · ಸೋಮವಾರ ಬೆಳಿಗ್ಗೆ 6:50

14 ಸಲವೂ ಒಂದೇ ಮಾಡ್ಯೂಲ್, ಒಂದೇ ಕೋಡ್. ಇದು ತುಂಬಾ ಒಳ್ಳೆಯ ಸುದ್ದಿ. ರ‍್ಯಾಮ್ ಕೆಟ್ಟಿದ್ದರೆ ಪ್ರತಿ ಸಲ ಬೇರೆ ಬೇರೆ ಕಡೆ ಬೀಳುತ್ತಿತ್ತು, ಬೇರೆ ಪ್ರೋಗ್ರಾಂಗಳೂ ಬೀಳುತ್ತಿದ್ದವು. ಹೀಗೆ ಒಂದೇ ಜಾಗದಲ್ಲಿ ಎಡವುತ್ತಿದೆ ಅಂದರೆ ಅಲ್ಲೇ ಒಂದು ಕಲ್ಲಿದೆ.

ಸಿ0000005 ಅಂದರೆ ಆಕ್ಸೆಸ್ ವಯೊಲೇಶನ್. ಪ್ರೋಗ್ರಾಂ ತನಗೆ ಸೇರದ ಮೆಮೊರಿ ವಿಳಾಸಕ್ಕೆ ಕೈಹಾಕಿತು, ವಿಂಡೋಸ್ ಅಲ್ಲೇ ನಿಲ್ಲಿಸಿತು. ಹೆಚ್ಚಿನ ಸಲ ಆ ವಿಳಾಸ ಸೊನ್ನೆ ಆಗಿರುತ್ತದೆ. ಏನೋ ಸಿದ್ಧವಾಗಿದೆ ಅಂದುಕೊಂಡು ಮುಟ್ಟಲು ಹೋಗಿದೆ, ಅಲ್ಲಿ ಏನೂ ಇರಲಿಲ್ಲ.

ಎಂಎಸ್‌ವಿಸಿಪಿ140 ಸೌಂಡ್ ಡ್ರೈವರ್‌ಗೆ ಸೇರಿದ ಫೈಲ್ ಅಲ್ಲ. ಸಿ++ ಭಾಷೆಯಲ್ಲಿ ಬರೆದ ಬಹಳಷ್ಟು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಮೈಕ್ರೋಸಾಫ್ಟ್ ಲೈಬ್ರರಿ. ಇಂಥ ಹಂಚಿಕೆಯ ಫೈಲ್‌ಗೇ ಡಿಎಲ್‌ಎಲ್ ಅನ್ನುವುದು. ವಿಶುವಲ್ ಸಿ++ ರೀಡಿಸ್ಟ್ರಿಬ್ಯೂಟಬಲ್ ಅನ್ನುವ ಪ್ಯಾಕೇಜ್‌ನಲ್ಲಿ ಬರುತ್ತದೆ. ರಾತ್ರಿ_ಪಾಳಿ ಹೇಳಿದ್ದು ತಳ್ಳಿಹಾಕುವಂಥದ್ದಲ್ಲ. ಆದರೆ ಡ್ರೈವರ್ ಮೇಲೆ ಬೆರಳು ತೋರಿಸುವ ಗುರುತು ಲಾಗ್‌ನಲ್ಲಿ ಇಲ್ಲ. ವೈರ್ ಚುಚ್ಚಿದಾಗ ಯುಟಿಲಿಟಿಯೊಳಗೆ ಏನೋ ಹೊಸ ಕೆಲಸ ಶುರುವಾಗುತ್ತದೆ, ಆ ಕೆಲಸದಲ್ಲಿ ಬೀಳುತ್ತಿದೆ. ಸದ್ಯಕ್ಕೆ ಇಷ್ಟೇ ಹೇಳಬಹುದು.

ಮೊದಲ ಹೆಜ್ಜೆ: ಮೈಕ್ರೋಸಾಫ್ಟ್ ತಾಣದಿಂದಲೇ ಇತ್ತೀಚಿನ ವಿಶುವಲ್ ಸಿ++ ರೀಡಿಸ್ಟ್ರಿಬ್ಯೂಟಬಲ್ ಇಳಿಸಿ ಹಾಕಿ. ಎಕ್ಸ್64, ಎಕ್ಸ್86 ಎರಡೂ. 64 ಬಿಟ್ ಕಂಪ್ಯೂಟರ್ ಆದರೂ 32 ಬಿಟ್ ಪ್ರೋಗ್ರಾಂಗೆ ಎಕ್ಸ್86 ಪ್ಯಾಕೇಜೇ ಬೇಕು. ಆಮೇಲೆ ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಅಲ್ಲ, ರೀಸ್ಟಾರ್ಟ್. ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಅಂತ ಒಂದಿದೆ. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ವಿಂಡೋಸಿನ ಒಳಭಾಗ, ಡ್ರೈವರ್‌ಗಳ ಸ್ಥಿತಿ ಡಿಸ್ಕ್‌ಗೆ ಬರೆದುಕೊಂಡು ಮಲಗುತ್ತದೆ, ಆನ್ ಮಾಡಿದಾಗ ಅದೇ ಸ್ಥಿತಿ ಎದ್ದು ಬರುತ್ತದೆ. ರೀಸ್ಟಾರ್ಟ್ ಮಾತ್ರ ಎಲ್ಲವನ್ನೂ ಮೊದಲಿಂದ ಶುರು ಮಾಡುತ್ತದೆ.

ಒಂದು ಕೋರಿಕೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪ್ರತಿ ಸಲ ಪರೀಕ್ಷಿಸಿ, ಏನಾಯಿತೆಂದು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಮೂರು ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಅಂತಲೇ ತಿಳಿಯುವುದಿಲ್ಲ.

ವೇಗದ_ಬೆರಳು · ಸೋಮವಾರ ಬೆಳಿಗ್ಗೆ 8:15

ಆ ಡಿಎಲ್‌ಎಲ್ ಒಂದೇ ಸಿಗುವ ತಾಣಗಳಿವೆಯಲ್ಲ, ಅಲ್ಲಿಂದ ಇಳಿಸಿ ಫೋಲ್ಡರ್‌ಗೆ ಹಾಕಿದರೆ ಬೇಗ ಆಗುತ್ತದೆ. ಪೂರ್ತಿ ಪ್ಯಾಕೇಜ್ ಏಕೆ?

ನಿಧಾನ_ಕೀಲಿ · ಸೋಮವಾರ ಬೆಳಿಗ್ಗೆ 8:40

ಬೇಡ. ಅದು ಮಾತ್ರ ಬೇಡವೇ ಬೇಡ. ಆ ಫೈಲ್ ಯಾವ ಕಾಲದ್ದು, ಯಾರು ಏನು ಸೇರಿಸಿದ್ದಾರೆ, ಗೊತ್ತಾಗುವುದಿಲ್ಲ. 64 ಬಿಟ್ ಪ್ರೋಗ್ರಾಂ ಪಕ್ಕ 32 ಬಿಟ್ ಡಿಎಲ್‌ಎಲ್ ಇಟ್ಟರೆ ಸಿ000007ಬಿ ಅನ್ನುವ ಇನ್ನೊಂದು ಎರರ್ ಬಂದು ಪ್ರೋಗ್ರಾಂ ತೆರೆಯುವುದೇ ಇಲ್ಲ. ಹಾಗೆ ಇಟ್ಟ ಫೈಲ್‌ಗೆ ಮುಂದೆ ಯಾವ ಅಪ್‌ಡೇಟ್ ಕೂಡ ಬರುವುದಿಲ್ಲ. ಮೊದಲ ದಿನ ಕೆಲಸ ಮಾಡಿದ ಹಾಗೆ ಕಾಣುತ್ತದೆ, ಅದೇ ಅಪಾಯ.

ಕ್ಯಾಸೆಟ್_ಪೆಟ್ಟಿಗೆ · ಸೋಮವಾರ ರಾತ್ರಿ 8:55

ಹಾಳೆಯಲ್ಲಿ ಬರೆದುಕೊಂಡೇ ಮಾಡಿದೆ.

ರೀಡಿಸ್ಟ್ರಿಬ್ಯೂಟಬಲ್ ಎರಡೂ ಹಾಕಿದೆ. ರೀಸ್ಟಾರ್ಟ್. ಬಿತ್ತು.
ರಾತ್ರಿ_ಪಾಳಿ ಹೇಳಿದಂತೆ ಡ್ರೈವರ್ ರೋಲ್ ಬ್ಯಾಕ್ ಮಾಡಿದೆ. ರೀಸ್ಟಾರ್ಟ್. ಬಿತ್ತು. ಡ್ರೈವರನ್ನು ಮೊದಲಿದ್ದ ಹಾಗೇ ತಿರುಗಿಸಿಟ್ಟೆ.

ಲಾಗ್‌ನಲ್ಲಿ ಮತ್ತೆ ಅದೇ ಹೆಸರು. ಸ್ವಲ್ಪ ಧೈರ್ಯ ಕುಂದಿದೆ. ಇವತ್ತು ಒಂದು ಕ್ಯಾಸೆಟ್ ಡೆಕ್‌ನಲ್ಲಿ ಹಾಕಿ ಸುಮ್ನೆ ಕೇಳುತ್ತಾ ಕೂತೆ. ಅಮ್ಮ ಕೆಮ್ಮಿ, ನೀರು ಕುಡಿದು, ಎಲ್ಲಿಗೆ ನಿಲ್ಲಿಸಿದ್ದೆ ಅಂತ ನನ್ನನ್ನೇ ಕೇಳುತ್ತಾರೆ. ನನ್ನ ಉತ್ತರವೂ ಇದೆ ಅದರಲ್ಲಿ.

ರಾತ್ರಿ_ಪಾಳಿ · ಸೋಮವಾರ ರಾತ್ರಿ 9:10

ಡ್ರೈವರ್ ಅಲ್ಲ ಅಂತ ಈಗ ಒಪ್ಪುತ್ತೇನೆ. ನೀವು ಪರೀಕ್ಷೆ ಮಾಡಿದ್ದು ಒಳ್ಳೆಯದಾಯಿತು. ಸೆಟ್ಟಿಂಗ್ಸ್ ಫೈಲ್ ಕೆಟ್ಟಿರಬಹುದಾ? ಅನ್‌ಇನ್‌ಸ್ಟಾಲ್ ಮಾಡಿದರೂ ಬಳಕೆದಾರರ ಆ್ಯಪ್‌ಡೇಟಾ ಫೋಲ್ಡರ್‌ನಲ್ಲಿ ಸೆಟ್ಟಿಂಗ್ಸ್ ಉಳಿದುಬಿಡುತ್ತವೆ.

ನಿಧಾನ_ಕೀಲಿ · ಸೋಮವಾರ ರಾತ್ರಿ 9:25

ಅದನ್ನು ನೋಡಲು ಸುಲಭದ ದಾರಿ ಇದೆ. ವಿಂಡೋಸ್‌ನಲ್ಲಿ ಹೊಸ ಬಳಕೆದಾರ ಖಾತೆ ಒಂದು ಮಾಡಿ, ಅದರೊಳಗೆ ಹೋಗಿ ಯುಟಿಲಿಟಿ ತೆರೆಯಿರಿ. ಹೊಸ ಖಾತೆಗೆ ಹಳೇ ಸೆಟ್ಟಿಂಗ್ಸ್ ಬರುವುದಿಲ್ಲ. ಅಲ್ಲಿ ನಡೆದರೆ ನಿಮ್ಮ ಖಾತೆಯ ಸೆಟ್ಟಿಂಗ್ಸ್‌ನಲ್ಲಿ ತೊಂದರೆ. ಅಲ್ಲೂ ಬಿದ್ದರೆ ಇಡೀ ಕಂಪ್ಯೂಟರ್‌ಗೆ ಸೇರಿದ ಯಾವುದೋ ಫೈಲ್‌ನಲ್ಲಿ. ಒಂದೂ ಅಳಿಸಬೇಕಾಗಿಲ್ಲ.

ಅದರಲ್ಲೂ ಬಿದ್ದರೆ ಕ್ಲೀನ್ ಬೂಟ್. ಸಿಸ್ಟಂ ಕಾನ್ಫಿಗರೇಶನ್ ತೆರೆದು ಸರ್ವಿಸಸ್ ಟ್ಯಾಬ್‌ನಲ್ಲಿ ಮೊದಲು ಹೈಡ್ ಆಲ್ ಮೈಕ್ರೋಸಾಫ್ಟ್ ಸರ್ವಿಸಸ್ ಗುರುತು ಹಾಕಿ. ಇದನ್ನು ಮರೆಯಬೇಡಿ, ವಿಂಡೋಸ್‌ಗೆ ಬೇಕಾದದ್ದೂ ನಿಂತುಹೋಗುತ್ತದೆ. ಆಮೇಲೆ ಮಿಕ್ಕಿದ್ದನ್ನು ಡಿಸೇಬಲ್ ಮಾಡಿ. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪಟ್ಟಿಯನ್ನೂ ಆಫ್ ಮಾಡಿ. ಬೇರೆ ಯಾವ ಪ್ರೋಗ್ರಾಂ ಆದರೂ ನಡುವೆ ಕೈಹಾಕುತ್ತಿದ್ದರೆ ತಿಳಿಯುತ್ತದೆ. ಸೇಫ್ ಮೋಡ್‌ನಲ್ಲಿ ಇದನ್ನು ಪರೀಕ್ಷಿಸಲು ಆಗುವುದಿಲ್ಲ, ಅಲ್ಲಿ ವಿಂಡೋಸ್ ಆಡಿಯೋ ಸರ್ವಿಸ್ ಓಡುವುದೇ ಇಲ್ಲ.

ಹೊಸಬ_ಇಲ್ಲಿ · ಸೋಮವಾರ ರಾತ್ರಿ 9:50

ನನಗೂ ಇದೇ ಸಮಸ್ಯೆ! ನನ್ನದರಲ್ಲಿ ಪ್ರೋಗ್ರಾಂ ಬೀಳುವುದಿಲ್ಲ, ಆದರೆ ಹಾಡು ಕೇಳುವಾಗ ಇಡೀ ಕಂಪ್ಯೂಟರ್ ಶಬ್ದ ಎರಡು ಸೆಕೆಂಡ್ ನಿಂತು ಮತ್ತೆ ಬರುತ್ತದೆ. ಈವೆಂಟ್ ವ್ಯೂವರ್ ನೋಡಿದೆ, 1000 ಇದೆ, ಆದರೆ ಹೆಸರು ಆಡಿಯೋಡಿಜಿ ಅಂತ.

ಹಳೇ_ತಂತಿ · ಸೋಮವಾರ ರಾತ್ರಿ 10:20

ಹೊಸಬ_ಇಲ್ಲಿ, ನಿಮ್ಮದು ಬೇರೆ ಕಾಯಿಲೆ. ಲಾಗ್ ನೋಡಿ ಹೆಸರು ಕೊಟ್ಟಿದ್ದಕ್ಕೆ ಥ್ಯಾಂಕ್ಸ್, ಅದಿಲ್ಲದಿದ್ದರೆ ಎರಡೂ ಒಂದೇ ಅಂದುಕೊಳ್ಳುತ್ತಿದ್ದೆವು.

ಆಡಿಯೋಡಿಜಿ ಅಂದರೆ ವಿಂಡೋಸ್ ಆಡಿಯೋ ಡಿವೈಸ್ ಗ್ರಾಫ್ ಐಸೊಲೇಶನ್. ವಿಸ್ಟಾ ಕಾಲದಿಂದ, ಅಂದರೆ 2007ರಿಂದ, ಶಬ್ದದ ಎಫೆಕ್ಟ್‌ಗಳನ್ನು ವಿಂಡೋಸ್ ಈ ಬೇರೆ ಪ್ರೊಸೆಸ್‌ನಲ್ಲಿ ಓಡಿಸುತ್ತದೆ. ಬಾಸ್ ಹೆಚ್ಚಿಸುವುದು, ಸರೌಂಡ್, ಗದ್ದಲ ತಗ್ಗಿಸುವುದು ಇಂಥವನ್ನೆಲ್ಲ ಸೌಂಡ್ ಕಾರ್ಡ್ ಮಾಡಿದವರು ಎಪಿಒ ಅನ್ನುವ ಚಿಕ್ಕ ತುಂಡುಗಳಾಗಿ ಕೊಡುತ್ತಾರೆ. ಅವು ಆಡಿಯೋಡಿಜಿ ಒಳಗೆ ಕೂರುತ್ತವೆ. ಒಂದು ಎಪಿಒ ಬಿದ್ದರೆ ಆ ಪ್ರೊಸೆಸ್ ಬೀಳುತ್ತದೆ, ಎಲ್ಲರ ಶಬ್ದವೂ ನಿಲ್ಲುತ್ತದೆ. ಆಡಿಯೋ ಸರ್ವಿಸ್ ಬೇರೆ ಇರುವುದರಿಂದ ಮತ್ತೆ ಎದ್ದು ಬರುತ್ತದೆ. ನಿಮ್ಮ ಎರಡು ಸೆಕೆಂಡ್ ಮೌನ ಅದೇ.

ಸೆಟ್ಟಿಂಗ್ಸ್, ಸಿಸ್ಟಂ, ಸೌಂಡ್‌ಗೆ ಹೋಗಿ ನಿಮ್ಮ ಸ್ಪೀಕರ್ ಒತ್ತಿ. ಆಡಿಯೋ ಎನ್‌ಹಾನ್ಸ್‌ಮೆಂಟ್ಸ್ ಆಫ್ ಮಾಡಿ ಎರಡು ದಿನ ಬಳಸಿ. ಮೌನ ನಿಂತರೆ ಎಫೆಕ್ಟ್‌ನದೇ ತಪ್ಪು, ಆಗ ಡ್ರೈವರ್ ಪ್ಯಾಕೇಜ್ ಹೊಸದು ಹಾಕುವುದರಲ್ಲಿ ಅರ್ಥವಿದೆ. ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ಮಾತಾಡೋಣ.

ಪೆಂಗ್ವಿನ್_ಮಿತ್ರ · ಸೋಮವಾರ ರಾತ್ರಿ 10:44

ಲಿನಕ್ಸ್‌ನಲ್ಲಿ ಇದೇ ಪಾಡು ಪಡುವವರು ಮುಂದೆ ಈ ಚರ್ಚೆ ಹುಡುಕಿಕೊಂಡು ಬರಬಹುದು, ಅವರಿಗಾಗಿ ಒಂದು ಮಾತು. ಅಲ್ಲಿ ಬಿದ್ದ ಪ್ರೋಗ್ರಾಂನ ಗುರುತು ಸಿಸ್ಟಂಡಿ ಜರ್ನಲ್ ಅನ್ನುವ ಲಾಗ್‌ನಲ್ಲಿ ಇರುತ್ತದೆ. ಕೋರ್‌ಡಂಪ್ ಕಂಟ್ರೋಲ್ ಅನ್ನುವ ಆದೇಶ ಇದ್ದರೆ ಯಾವ ಲೈಬ್ರರಿಯಲ್ಲಿ ಬಿತ್ತು ಎಂದೂ ತೋರಿಸುತ್ತದೆ. ಶಬ್ದ ನೋಡಿಕೊಳ್ಳಲು ಪೈಪ್‌ವೈರ್ ಬಳಸುವವರು ಕಂಪ್ಯೂಟರ್ ರೀಸ್ಟಾರ್ಟ್ ಮಾಡದೆ ಬರೀ ಪೈಪ್‌ವೈರ್, ವೈರ್‌ಪ್ಲಂಬರ್ ಎರಡನ್ನೂ ರೀಸ್ಟಾರ್ಟ್ ಮಾಡಿ ನೋಡಬಹುದು.

ಕ್ಯಾಸೆಟ್_ಪೆಟ್ಟಿಗೆ · ಮಂಗಳವಾರ ರಾತ್ರಿ 8:30

ಹೊಸ ಖಾತೆ: ಬಿತ್ತು.
ಕ್ಲೀನ್ ಬೂಟ್: ಬಿತ್ತು.
ಎಲ್ಲವನ್ನೂ ಮೊದಲಿನಂತೆ ಆನ್ ಮಾಡಿಟ್ಟಿದ್ದೇನೆ.

ಹಳೇ_ತಂತಿ · ಮಂಗಳವಾರ ರಾತ್ರಿ 9:05

ಬಿತ್ತು ಅಂತ ಬೇಸರ ಬೇಡ. ಎರಡು ದಾರಿ ಮುಚ್ಚಿದವು, ಅಷ್ಟು ಕೆಲಸ ಕಡಿಮೆಯಾಯಿತು. ಸೆಟ್ಟಿಂಗ್ಸ್ ಅಲ್ಲ, ಬೇರೆ ಪ್ರೋಗ್ರಾಂ ಅಲ್ಲ, ಡ್ರೈವರ್ ಅಲ್ಲ. ಉಳಿದದ್ದು ಯುಟಿಲಿಟಿ ಮತ್ತು ಆ ಡಿಎಲ್‌ಎಲ್.

ನಿನ್ನೆಯೇ ಕೇಳಬೇಕಿತ್ತು, ನಾನು ಕೇಳಲಿಲ್ಲ, ಕ್ಷಮಿಸಿ. 1000ರ ವಿವರದಲ್ಲಿ ಇನ್ನೂ ಎರಡು ಸಾಲು ನನಗೆ ಬೇಕು. ಒಂದು, ಮಾಡ್ಯೂಲ್ ಹೆಸರಿನ ಪಕ್ಕದಲ್ಲೇ ಇರುವ ವರ್ಶನ್. ಇನ್ನೊಂದು, ಕೆಳಗೆ ಫಾಲ್ಟಿಂಗ್ ಮಾಡ್ಯೂಲ್ ಪಾತ್ ಅಂತ ಇರುತ್ತದೆ. ಆ ಸಾಲು ಪೂರ್ತಿ. ಒಂದು ಅಕ್ಷರವೂ ಬಿಡದೆ.

ಕ್ಯಾಸೆಟ್_ಪೆಟ್ಟಿಗೆ · ಮಂಗಳವಾರ ರಾತ್ರಿ 9:22

ವರ್ಶನ್ 14.29 ಅಂತ ಶುರುವಾಗುತ್ತದೆ.

ಪಾತ್: ಸಿ ಡ್ರೈವ್, ಪ್ರೋಗ್ರಾಂ ಫೈಲ್ಸ್, ಆಮೇಲೆ ಯುಟಿಲಿಟಿಯ ಹೆಸರಿನ ಫೋಲ್ಡರ್, ಅದರೊಳಗೆ ಎಂಎಸ್‌ವಿಸಿಪಿ140 ಡಾಟ್ ಡಿಎಲ್‌ಎಲ್.

ನಿಧಾನ_ಕೀಲಿ · ಮಂಗಳವಾರ ರಾತ್ರಿ 9:24

ಅಲ್ಲಿದೆ ನೋಡಿ.

ಹಳೇ_ತಂತಿ · ಮಂಗಳವಾರ ರಾತ್ರಿ 9:48

ಸಿಕ್ಕಿತು. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವು ಮಾಡಿದ ಮೂರು ಮರುಇನ್‌ಸ್ಟಾಲ್ ಏಕೆ ಫಲ ಕೊಡಲಿಲ್ಲ ಅನ್ನುವುದೂ ಇದರಲ್ಲೇ ಇದೆ.

ನೀವು ಸೋಮವಾರ ಹಾಕಿದ ರೀಡಿಸ್ಟ್ರಿಬ್ಯೂಟಬಲ್ ತನ್ನ ಡಿಎಲ್‌ಎಲ್‌ಗಳನ್ನು ವಿಂಡೋಸಿನ ಸಿಸ್ಟಂ ಫೋಲ್ಡರ್‌ನಲ್ಲಿ ಇಡುತ್ತದೆ. ಅಲ್ಲಿ ಈಗ ಹೊಸ ಫೈಲ್ ಇದೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಒಂದು ಪ್ರೋಗ್ರಾಂ ಇಂಥ ಡಿಎಲ್‌ಎಲ್ ಬೇಕು ಅಂದಾಗ ವಿಂಡೋಸ್ ಮೊದಲು ಹುಡುಕುವುದು ಆ ಪ್ರೋಗ್ರಾಂ ಇರುವ ಫೋಲ್ಡರ್‌ನಲ್ಲೇ. ಸಿಸ್ಟಂ ಫೋಲ್ಡರ್ ಆಮೇಲೆ. ಮನೆಯಲ್ಲೇ ಸಿಕ್ಕಿದ ಮೇಲೆ ಪಕ್ಕದ ಮನೆಗೆ ಯಾರು ಹೋಗುತ್ತಾರೆ? ಯುಟಿಲಿಟಿ ತನ್ನ ಪಕ್ಕದಲ್ಲೇ ಇದ್ದ 14.29 ಎತ್ತಿಕೊಂಡಿತು. ಹೊಸದನ್ನು ನೋಡಲೇ ಇಲ್ಲ.

ಫೈಲ್ ಹೆಸರು ನಮ್ಮನ್ನು ದಾರಿ ತಪ್ಪಿಸುತ್ತದೆ. 2015ರಿಂದಲೂ ಈ ಡಿಎಲ್‌ಎಲ್ ಹೆಸರು 140 ಅಂತಲೇ ಇದೆ. ಒಳಗಿನ ವರ್ಶನ್ ಮಾತ್ರ ಬೆಳೆಯುತ್ತಾ ಬಂದಿದೆ. 14.0 ಅಂದರೆ ವಿಶುವಲ್ ಸ್ಟುಡಿಯೋ (ಪ್ರೋಗ್ರಾಂ ಬರೆಯುವವರು ಬಳಸುವ ಮೈಕ್ರೋಸಾಫ್ಟ್ ಸಾಧನ) 2015ರದ್ದು, 14.1ರ ಸಾಲು 2017ರದ್ದು, 14.2ರ ಸಾಲು 2019ರದ್ದು, 14.3 ಮತ್ತು 14.4ರ ಸಾಲುಗಳು 2022ರದ್ದು. ನಿಯಮ ಒಂದೇ. ಹಳೇ ಪ್ರೋಗ್ರಾಂ ಹೊಸ ಡಿಎಲ್‌ಎಲ್ ಜೊತೆ ಹೊಂದಿಕೊಳ್ಳುತ್ತದೆ. ಹೊಸ ಪ್ರೋಗ್ರಾಂ ಹಳೇ ಡಿಎಲ್‌ಎಲ್ ಜೊತೆ ಹೊಂದಿಕೊಳ್ಳುತ್ತದೆ ಅನ್ನುವ ಭರವಸೆ ಯಾರೂ ಕೊಟ್ಟಿಲ್ಲ.

ಬಹಳ ದಿನ ಹೇಗೋ ನಡೆಯುತ್ತಿತ್ತು. 2024ರಲ್ಲಿ ವಿಶುವಲ್ ಸ್ಟುಡಿಯೋ 2022ರ 17.10 ಆವೃತ್ತಿ ಬಂತು, ಅದರ ಜೊತೆ ಈ ಡಿಎಲ್‌ಎಲ್‌ನ 14.40. ಅದರಲ್ಲಿ ಮ್ಯೂಟೆಕ್ಸ್ ಸಿದ್ಧವಾಗುವ ರೀತಿ ಬದಲಾಯಿತು. ಮ್ಯೂಟೆಕ್ಸ್ ಅಂದರೆ ಒಂದು ಬೀಗ. ನಿಮ್ಮ ಯುಟಿಲಿಟಿಯನ್ನೇ ತೆಗೆದುಕೊಳ್ಳಿ. ಒಂದು ಕೈ ಲೈನ್-ಇನ್‌ನಿಂದ ಶಬ್ದ ತಂದು ಬಫರ್‌ಗೆ, ಅಂದರೆ ಮೆಮೊರಿಯ ಒಂದು ತಾತ್ಕಾಲಿಕ ಜಾಗಕ್ಕೆ, ಸುರಿಯುತ್ತಿರುತ್ತದೆ, ಇನ್ನೊಂದು ಕೈ ಅದೇ ಬಫರ್ ನೋಡಿ ಹಸಿರು ಮೀಟರ್ ಬಿಡಿಸುತ್ತಿರುತ್ತದೆ. ಇಬ್ಬರೂ ಒಂದೇ ಸಲ ಮುಟ್ಟಬಾರದು. ಅದಕ್ಕೆ ಮುಟ್ಟುವ ಮುಂಚೆ ಬೀಗ ಹಾಕಿಕೊಳ್ಳುತ್ತಾರೆ. ಮೊದಲೆಲ್ಲ ಓಡುವ ಹೊತ್ತಿಗೆ ಡಿಎಲ್‌ಎಲ್ ಅನ್ನು ಕರೆದು ಬೀಗ ತಯಾರು ಮಾಡಿಸುತ್ತಿದ್ದರು. ಹೊಸ ರೀತಿಯಲ್ಲಿ ಆ ಕರೆ ಇಲ್ಲ, ಕಂಪೈಲ್ ಮಾಡುವಾಗಲೇ, ಅಂದರೆ ತಯಾರಕರು ಕೋಡನ್ನು ಪ್ರೋಗ್ರಾಂ ಆಗಿ ಪರಿವರ್ತಿಸುವಾಗಲೇ, ಬೀಗ ತಯಾರು. ಹೊಸ ಡಿಎಲ್‌ಎಲ್‌ಗೆ ಇದು ಗೊತ್ತು. ಹಳೇ ಡಿಎಲ್‌ಎಲ್‌ಗೆ ಗೊತ್ತಿಲ್ಲ. ಅದು ತಾನು ತಯಾರಿಸಿದ ಬೀಗ ಅಲ್ಲಿದೆ ಅಂದುಕೊಂಡು ವಿಳಾಸ ಹುಡುಕುತ್ತದೆ. ಅಲ್ಲಿರುವುದು ಸೊನ್ನೆ. ಆಕ್ಸೆಸ್ ವಯೊಲೇಶನ್.

ಈಗ ವೈರ್ ವಿಷಯವೂ ಹೊಂದುತ್ತದೆ, ಅಲ್ವಾ? ವೈರ್ ಇಲ್ಲದಾಗ ಶಬ್ದ ತರುವ ಕೈ ಶುರುವಾಗುವುದಿಲ್ಲ, ಬೀಗ ಬೇಕಾಗುವುದಿಲ್ಲ, ಕಿಟಕಿ ನಿಲ್ಲುತ್ತದೆ. ವೈರ್ ಚುಚ್ಚಿದಿರಿ, ಮೀಟರ್ ಮಿನುಗಿತು, ಮೊದಲ ಬೀಗಕ್ಕೇ ಬಿತ್ತು. ನಿಮ್ಮ ಯುಟಿಲಿಟಿಯ ಕೋಡ್ ನಾನು ನೋಡಿಲ್ಲ. ಆದರೆ ಮಾಡ್ಯೂಲ್, ವರ್ಶನ್, ಪಾತ್, ಬೀಳುವ ಕ್ಷಣ, ನಾಲ್ಕೂ ಇದನ್ನೇ ಹೇಳುತ್ತಿವೆ.

ಹೀಗೆ ಮಾಡಿ. ಯುಟಿಲಿಟಿ ಮುಚ್ಚಿ. ಆ ಫೋಲ್ಡರ್ ತೆರೆದು ಎಂಎಸ್‌ವಿಸಿಪಿ140 ಫೈಲ್‌ನ ಹೆಸರಿನ ಕೊನೆಗೆ ಹಳೇದು ಅಂತ ಸೇರಿಸಿ ಹೆಸರು ಬದಲಿಸಿ. ಅಳಿಸಬೇಡಿ, ತಿರುಗಿಸಿಡಲು ಬೇಕಾಗಬಹುದು. ಪಕ್ಕದಲ್ಲಿ ಅದೇ ಪ್ಯಾಕೇಜ್‌ನ ಇನ್ನೊಂದು ಡಿಎಲ್‌ಎಲ್ ವಿಸಿರನ್‌ಟೈಂ140 ಇದ್ದರೆ ಅದಕ್ಕೂ ಹಾಗೇ ಮಾಡಿ. ಈ ಫೋಲ್ಡರ್‌ನಲ್ಲಿ ಮಾತ್ರ. ವಿಂಡೋಸಿನ ಸಿಸ್ಟಂ ಫೋಲ್ಡರ್ ಒಳಗೆ ಏನನ್ನೂ ಮುಟ್ಟಬೇಡಿ. ಆಮೇಲೆ ಯುಟಿಲಿಟಿ ತೆರೆಯಿರಿ. ಡಿಎಲ್‌ಎಲ್ ಸಿಗಲಿಲ್ಲ ಅನ್ನುವ ಸಂದೇಶ ಬಂದರೆ ರೀಡಿಸ್ಟ್ರಿಬ್ಯೂಟಬಲ್ ಸರಿಯಾಗಿ ಕೂತಿಲ್ಲ ಅಂತ, ಆಗ ಹೇಳಿ.

ಒಂದು ಪ್ರಶ್ನೆ ಉಳಿಯಿತು. ಹೊಸ ಆವೃತ್ತಿಯ ಪಕ್ಕ 14.29 ಹೇಗೆ ಬಂತು? ತಯಾರಕರೇ ಇಟ್ಟಿದ್ದರೆ ಎಲ್ಲರದ್ದೂ ಬೀಳಬೇಕಿತ್ತು.

ಕ್ಯಾಸೆಟ್_ಪೆಟ್ಟಿಗೆ · ಮಂಗಳವಾರ ರಾತ್ರಿ 10:15

ಓಡುತ್ತಿದೆ!!

ವೈರ್ ಚುಚ್ಚಿದೆ, ಮೀಟರ್ ಮಿನುಗಿತು, ನಿಂತೇ ಇದೆ. ಡೆಕ್‌ನಲ್ಲಿ ಪ್ಲೇ ಒತ್ತಿದೆ. ಅಮ್ಮನ ದನಿಗೆ ಹಸಿರು ಕಡ್ಡಿಗಳು ಏರಿ ಇಳಿಯುತ್ತಿವೆ. ಹತ್ತು ನಿಮಿಷ ನೋಡುತ್ತಲೇ ಕೂತಿದ್ದೆ.

ನಿಮ್ಮ ಪ್ರಶ್ನೆಗೆ ಉತ್ತರ ನನ್ನ ಹತ್ತಿರವೇ ಇದೆ. ಫೋಲ್ಡರ್ ತೆರೆದಾಗ ಆ ಫೈಲ್‌ನ ದಿನಾಂಕ ಮಿಕ್ಕ ಫೈಲ್‌ಗಳಿಗಿಂತ ಮೂರು ವರ್ಷ ಹಿಂದಿನದು. ಆಗ ನೆನಪಾಯಿತು. ಮೊದಲ ಸಲ ಯುಟಿಲಿಟಿ ಹಾಕಿದಾಗ ಎಂಎಸ್‌ವಿಸಿಪಿ140 ಸಿಗಲಿಲ್ಲ ಅಂತ ಸಂದೇಶ ಬಂದಿತ್ತು. ಎಲ್ಲೋ ಓದಿ, ಡಿಎಲ್‌ಎಲ್ ಕೊಡುವ ಒಂದು ತಾಣದಿಂದ ಇಳಿಸಿ, ಆ ಫೋಲ್ಡರ್‌ನಲ್ಲಿ ನಾನೇ ಇಟ್ಟಿದ್ದೆ. ಕೆಲಸ ಮಾಡಿತು. ಮರೆತುಬಿಟ್ಟೆ. ಆದರೆ ಮೂರು ಸಲ ಅನ್‌ಇನ್‌ಸ್ಟಾಲ್ ಮಾಡಿದಾಗಲೂ ಅದು ಏಕೆ ಹೋಗಲಿಲ್ಲ?

ನಿಧಾನ_ಕೀಲಿ · ಮಂಗಳವಾರ ರಾತ್ರಿ 10:30

ಅನ್‌ಇನ್‌ಸ್ಟಾಲರ್ ತಾನು ಇಟ್ಟ ಫೈಲ್‌ಗಳ ಪಟ್ಟಿ ನೋಡಿ ಅಷ್ಟನ್ನೇ ತೆಗೆಯುತ್ತದೆ. ನೀವು ಕೈಯಾರೆ ಇಟ್ಟದ್ದು ಆ ಪಟ್ಟಿಯಲ್ಲಿ ಇಲ್ಲ. ನಿಮ್ಮ ಫೈಲ್ ಇದೆ ಅಂತ ಫೋಲ್ಡರ್ ಕೂಡ ಉಳಿಸುತ್ತದೆ. ಮತ್ತೆ ಇನ್‌ಸ್ಟಾಲ್ ಮಾಡಿದಾಗ ಅದೇ ಫೋಲ್ಡರ್‌ಗೆ ಬಂದು ಕೂರುತ್ತದೆ. ಅದಕ್ಕೇ ಅನ್‌ಇನ್‌ಸ್ಟಾಲ್ ಮಾಡಿದ ಮೇಲೆ ಫೋಲ್ಡರ್ ನಿಜವಾಗಿ ಹೋಯಿತಾ ಅಂತ ಕಣ್ಣಲ್ಲಿ ನೋಡುವುದು ಒಳ್ಳೆಯದು.

ಆ ಫೈಲ್ ಬೇರೆ ತಾಣದಿಂದ ಬಂದದ್ದು, ಹಾಗಾಗಿ ಇವತ್ತೇ ವಿಂಡೋಸ್ ಸೆಕ್ಯುರಿಟಿಯಲ್ಲಿ ಒಂದು ಫುಲ್ ಸ್ಕ್ಯಾನ್ ಮಾಡಿಬಿಡಿ. ಎರಡು ದಿನ ಎಲ್ಲ ಸರಿಯಾಗಿ ನಡೆದರೆ ಹೆಸರು ಬದಲಿಸಿದ ಆ ಫೈಲ್ ಅಳಿಸಬಹುದು.

ವೇಗದ_ಬೆರಳು · ಮಂಗಳವಾರ ರಾತ್ರಿ 10:52

ನಾನು ಸೋಮವಾರ ಬೆಳಿಗ್ಗೆ ಇದನ್ನೇ ಮಾಡಿ ಅಂತ ಸಲಹೆ ಕೊಟ್ಟಿದ್ದೆ. ನಾನೂ ಎರಡು ಕಡೆ ಹೀಗೆ ಡಿಎಲ್‌ಎಲ್ ಇಟ್ಟಿದ್ದೇನೆ, ಈಗ ಹೋಗಿ ತೆಗೆಯುತ್ತೇನೆ. ಓದುವವರು ದಯವಿಟ್ಟು ನನ್ನ ಆ ಸಲಹೆ ಪಾಲಿಸಬೇಡಿ.

ಶ್ರುತಿ_ತಂಬೂರಿ · ಬುಧವಾರ ಬೆಳಿಗ್ಗೆ 7:10

ತಡವಾಗಿ ಬಂದೆ. ಕ್ರ್ಯಾಶ್ ಸರಿಹೋಯಿತು, ಈಗ ಟೇಪ್ ವಿಷಯ ಹೇಳಲೇಬೇಕು. ದಯವಿಟ್ಟು ರೆಕಾರ್ಡ್ ಮಾಡುವಾಗ ಈಕ್ವಲೈಸರ್ ಆಫ್ ಇಡಿ. ಗದ್ದಲ ತಗ್ಗಿಸುವುದು, ದನಿ ಹೆಚ್ಚಿಸುವುದು ಯಾವುದೂ ಬೇಡ. ವಿಂಡೋಸ್ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಲೈನ್-ಇನ್‌ನ ಎನ್‌ಹಾನ್ಸ್‌ಮೆಂಟ್ಸ್ ಕೂಡ ಆಫ್. ಟೇಪ್ ಹೇಗಿದೆಯೋ ಹಾಗೇ ಮೊದಲು ತುಂಬಿಸಿ. ಈಕ್ವಲೈಸರ್ ಹಾಕಿ ರೆಕಾರ್ಡ್ ಮಾಡಿದರೆ ಹೋದದ್ದು ಹೋಯಿತು, ಮತ್ತೆ ಬರುವುದಿಲ್ಲ. ಹಾಗೇ ಇಟ್ಟುಕೊಂಡರೆ ಹತ್ತು ವರ್ಷ ಬಿಟ್ಟೂ ಇನ್ನೂ ಒಳ್ಳೆಯ ಸಾಧನದಲ್ಲಿ ಸ್ವಚ್ಛ ಮಾಡಬಹುದು.

24 ಬಿಟ್, 48,000 ಹರ್ಟ್ಜ್, ಡಬ್ಲ್ಯೂಎವಿ ಫೈಲ್. ವಿಂಡೋಸ್‌ನಲ್ಲಿ ಲೈನ್-ಇನ್‌ಗೆ ಇಟ್ಟಿರುವ ಸಂಖ್ಯೆ, ಯುಟಿಲಿಟಿಯಲ್ಲಿರುವ ಸಂಖ್ಯೆ ಎರಡೂ ಒಂದೇ ಇರಲಿ. ಒಂದು ಕಡೆ 44,100, ಇನ್ನೊಂದು ಕಡೆ 48,000 ಇದ್ದರೆ ನಡುವೆ ಸುಮ್ನೆ ಒಂದು ಪರಿವರ್ತನೆ ನಡೆಯುತ್ತದೆ. ಸ್ಟೀರಿಯೋದಲ್ಲಿ ನಿಮಿಷಕ್ಕೆ ಸುಮಾರು 17 ಎಂಬಿ ಆಗುತ್ತದೆ. 60 ನಿಮಿಷದ ಕ್ಯಾಸೆಟ್‌ಗೆ 1 ಜಿಬಿಗಿಂತ ಸ್ವಲ್ಪ ಜಾಸ್ತಿ. 11 ಕ್ಯಾಸೆಟ್‌ಗೆ 12 ಜಿಬಿ ಜಾಗ ಇಟ್ಟುಕೊಳ್ಳಿ. ಆಮೇಲೆ ಬೇರೆ ಡಿಸ್ಕ್‌ನಲ್ಲಿ ಒಂದು ಪ್ರತಿ.

ಮಟ್ಟ ಕೆಂಪಿಗೆ ಹೋಗದಿರಲಿ. ಜೋರಾದ ಜಾಗದಲ್ಲಿ ಮೈನಸ್ 6 ಡೆಸಿಬಲ್ ಮುಟ್ಟಿದರೆ ಸಾಕು. 24 ಬಿಟ್‌ನಲ್ಲಿ ಸ್ವಲ್ಪ ಕಡಿಮೆ ಇದ್ದರೆ ಏನೂ ನಷ್ಟ ಇಲ್ಲ, ಆದರೆ ಕೆಂಪಿಗೆ ಹೋಗಿ ತಲೆ ಕತ್ತರಿಸಿದ ಶಬ್ದ ಸರಿಮಾಡಲು ಬರುವುದಿಲ್ಲ. ಪ್ರತಿ ಕ್ಯಾಸೆಟ್‌ಗೆ ಮುಂಚೆ ಡೆಕ್‌ನ ಹೆಡ್ (ಟೇಪ್ ಓದುವ ಭಾಗ) ಅನ್ನು ಹತ್ತಿಯ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ. ಹಳೇ ಟೇಪಿನ ಕಂದು ಪುಡಿ ಅಂಟಿಕೊಂಡರೆ ದನಿ ಮಂಕಾಗುತ್ತದೆ. ಪೂರ್ತಿ ಒಣಗಿದ ಮೇಲೆ ಟೇಪ್ ಹಾಕಿ.

ಕ್ಯಾಸೆಟ್_ಪೆಟ್ಟಿಗೆ · ಬುಧವಾರ ರಾತ್ರಿ 10:05

ಶ್ರುತಿ_ತಂಬೂರಿ, ಸರಿಯಾದ ಹೊತ್ತಿಗೆ ಹೇಳಿದಿರಿ. ಈಕ್ವಲೈಸರ್ ಆನ್ ಇಟ್ಟೇ ಶುರು ಮಾಡುವವಳಿದ್ದೆ. ಹೆಡ್ ಒರೆಸಿದಾಗ ಹತ್ತಿ ಪೂರ್ತಿ ಕಂದು ಬಣ್ಣ ಆಯಿತು. ಒರೆಸಿದ ಮೇಲೆ ಅಮ್ಮನ ಮಾತಿನ ಸಕಾರಗಳು ಮೊದಲಿಗಿಂತ ಸ್ಪಷ್ಟ.

ಫುಲ್ ಸ್ಕ್ಯಾನ್‌ನಲ್ಲಿ ಏನೂ ಸಿಗಲಿಲ್ಲ. ಯುಟಿಲಿಟಿ ತಯಾರಕರಿಗೂ ಬರೆದೆ. ಮಾಡ್ಯೂಲ್, ವರ್ಶನ್, ಪಾತ್ ಮೂರನ್ನೂ ಕೊಟ್ಟು, ಫೋಲ್ಡರ್‌ನಲ್ಲಿ ಹಳೇ ಡಿಎಲ್‌ಎಲ್ ಇದ್ದರೆ ಇನ್‌ಸ್ಟಾಲರ್ ಒಂದು ಎಚ್ಚರಿಕೆ ಕೊಡಲಿ ಅಂತ ಕೇಳಿದ್ದೇನೆ.

ಹಳೇ_ತಂತಿ, ನಿಧಾನ_ಕೀಲಿ, ರಾತ್ರಿ_ಪಾಳಿ, ನಿಮಗೆಲ್ಲ ಹೇಗೆ ಥ್ಯಾಂಕ್ಸ್ ಹೇಳಲಿ ತಿಳಿಯುತ್ತಿಲ್ಲ. ನನ್ನ ಹಾಳೆಯಲ್ಲಿ ಈಗ ಕ್ಯಾಸೆಟ್‌ಗಳ ಪಟ್ಟಿ ಬರೆದಿದ್ದೇನೆ. ಒಂದನೆಯದರ ಎ ಬದಿ ಮುಗಿದು ಗುರುತು ಬಿದ್ದಿದೆ. ಬಿ ಬದಿ ಈಗ ಓಡುತ್ತಿದೆ, 11 ನಿಮಿಷ ಆಯಿತು, ಕಡ್ಡಿಗಳು ಹಸಿರಿನಲ್ಲೇ ಇವೆ.